ಎಂಜಿನ್ನಿಗೆ ಕಿವಿಗೊಟ್ಟವನು

ಕೂಡ್ಲಿಗಿಯ ಲಾರಿ ಮೇಸ್ತ್ರಿ ದುರುಗಪ್ಪನ ಕಿವಿಗೆ ಹರಪನಹಳ್ಳಿವರೆಗೂ ಹೆಸರಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಯಾವ ಬೇರಿಂಗ್ ಕೈಕೊಡಲಿದೆಯೆಂದು ವಾರ ಮುಂಚೆಯೇ ಹೇಳಿಬಿಡುತ್ತಿದ್ದ.

ಆ ಕಿವಿಯನ್ನೇ ಹುಡುಕಿಕೊಂಡು ಕಾರು ಕಂಪನಿಯ ಎಂಜಿನಿಯರ್ ಶ್ರೀನಾಥ ಬಂದ. ಅದುವರೆಗೆ ಕಂಪನಿಯವರು ಮಾರುವ ಕಾರಿನ ಎಂಜಿನ್ನನ್ನೇ ತಿದ್ದಿ ಫಾರ್ಮುಲಾ ರೇಸಿಗೆ ಬಿಡುತ್ತಿದ್ದರು. ಈಗ ರೇಸಿಗೆಂದೇ ಸ್ವಂತ ಎಂಜಿನ್ ಕಟ್ಟುವ ಹಟ. ಅದರ ಸದ್ದಿಗೆ ಶಹರದ ನೆರೆಹೊರೆಯವರು ಜಗಳಕ್ಕೆ ಬಂದರಂತೆ. ಕೊಟ್ಟೂರಿನಾಚೆ ಮುಚ್ಚಿಹೋಗಿದ್ದ ಹತ್ತಿ ಮಿಲ್ ಬಾಡಿಗೆಗೆ ಹಿಡಿದು, ದುರುಗಪ್ಪನನ್ನು ಅಲ್ಲಿ ಕೆಲಸಕ್ಕಿಟ್ಟುಕೊಂಡರು. ನಮ್ಮ ಕಡೆಯವರ ಕಿವಿಯೇನು ಕಲ್ಲಿನದೇ?

ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಎಂಜಿನ್. ಶ್ರೀನಾಥ ಕಿವಿಗೆ ಹಾಕಲು ಮುಚ್ಚಳ ಕೊಟ್ಟರೆ ದುರುಗಪ್ಪ ನಕ್ಕುಬಿಟ್ಟ. "ಕಿವಿ ಮುಚ್ಚಿಕೊಂಡ್ರ ನಾನ್ಯಾಕ ಬೇಕ್ರಿ ನಿಮಗ?"

ಎರಡು ವರ್ಷದಲ್ಲಿ ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಡತಿ ಬಸಲಿಂಗಮ್ಮನ ಮಾತು. ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತ. ಯಾರಿಗೂ ಬಾಯಿ ಬಿಡಲಿಲ್ಲ. ಕಿವಿ ತೆಗೆದರೆ ದುರುಗಪ್ಪನಲ್ಲಿ ಇನ್ನೇನು ಉಳಿಯುತ್ತಿತ್ತು?

ಎಂಜಿನ್ನನ್ನು ಕಾರಿಗೆ ಕೂರಿಸಿ ಓಡಿಸುವ ದಿನ ಬಂತು. ಇನ್ನೂ ಸಂಚಾರಕ್ಕೆ ಬಿಡದ ಹೊಸ ಡಾಂಬರು ರಸ್ತೆ, ಬದಿಗೆಲ್ಲ ಜನ. "ಮೀಟರ್ ಎಲ್ಲ ಸರಿ ತೋರಿಸ್ತಿದೆ. ಆದ್ರೂ ನೀವು ಹೇಳಿದ ಮೇಲೇ ಬಿಡೋದು" ಎಂದ ಶ್ರೀನಾಥ.

ಕಾರು ಓಡಿಸಬೇಕಾದವನು ಹಡಗಲಿಯ ಭೀಮೇಶ್. "ನೀ ಸರಿ ಅಂದ್ರ ಹತ್ತತೀನಿ ದುರುಗಣ್ಣ" ಎಂದ.

ದುರುಗಪ್ಪ ಸ್ಕ್ರೂಡ್ರೈವರ್ ಒತ್ತಿ ಹಿಡಿದು ಕಣ್ಣು ಮುಚ್ಚಿದ. ಎಂಜಿನ್ನಿನ ಅದುರಿಗೆ ಕೆನ್ನೆಯ ಮೂಳೆ ನಡುಗಿತು, ಅಷ್ಟೇ. ಗೊತ್ತಾಗಲಿಲ್ಲ ಎನ್ನಬಹುದಿತ್ತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಸರಿ ಐತ್ರಿ" ಎಂದ.

ಕಾರು ಹೊರಟಿತು. ಅದು ಬೇವಿನ ಮರಗಳತ್ತ ಸಣ್ಣದಾಗುವುದನ್ನು ನೋಡುತ್ತ ದುರುಗಪ್ಪ ನಗುತ್ತ ನಿಂತಿದ್ದ. ಪಕ್ಕದವರು ಏಕಾಏಕಿ ಕಿವಿ ಮುಚ್ಚಿಕೊಂಡರು. ಹೆಂಗಸರು ಬಾಯಿ ತೆರೆದರು. ಎಲ್ಲರೂ ಓಡತೊಡಗಿದ ಮೇಲೆ ಅವನಿಗೆ ಹೊಗೆ ಕಾಣಿಸಿತು. ಎಂಜಿನ್ ಒಡೆದು, ಚೆಲ್ಲಿದ ಆಯಿಲ್ ಮೇಲೆ ಹಿಂದಿನ ಗಾಲಿ ಜಾರಿ, ಕಾರು ಮರಕ್ಕೆ ಹೊಡೆದಿತ್ತು. ಭೀಮೇಶನನ್ನು ಹೊರಗೆಳೆಯುವಷ್ಟರಲ್ಲಿ ಜೀವ ಹೋಗಿತ್ತು.

ಶ್ರೀನಾಥ ದುರುಗಪ್ಪನ ಎರಡೂ ಭುಜ ಹಿಡಿದು ಅಲುಗಾಡಿಸುತ್ತ ಏನೋ ಕೂಗುತ್ತಿದ್ದ. ಅಳುವ ತುಟಿಯನ್ನು ಓದಲಾಗಲಿಲ್ಲ.

"ನನಗ ಕಿವಿ ಕೇಳಂಗಿಲ್ರಿ" ಎಂದ ದುರುಗಪ್ಪ. ಜೋರಾಗಿ ಹೇಳಿದನೋ, ಬರೀ ತುಟಿ ಆಡಿಸಿದನೋ, ಅದೂ ಅವನಿಗೆ ತಿಳಿಯಲಿಲ್ಲ.