ತೊಟ್ಟಿಯ ಕೆಳಗಿನ ಟೊಳ್ಳು

ಹೊಳೆಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಹಾರೆಯಿಂದ ಒಡೆದು ಕುರಿಗಳಿಗೆ ನೀರು ಕುಡಿಸುವುದು ನಮ್ಮ ಕಣಿವೆಯಲ್ಲಿ ಗಂಡಸರ ಕೆಲಸ. ಗಂಡ ತೀರಿಕೊಂಡ ಮೇಲೆ ಹಟ್ಟಿಯಲ್ಲಿ ಉಳಿದವರು ನಾನು, ಅತ್ತೆ ಇಬ್ಬರೇ; ಮೊದಲ ಚಳಿಗಾಲ ಅದನ್ನು ನಾನೇ ಮಾಡಿದೆ. ಜಾರಿಬಿದ್ದು ಎಡಗೈಯ ಮಣಿಕಟ್ಟು ಮುರಿಯಿತು. ಗಂಡನ ಅಣ್ಣ ಕಚ್ಕಿನ್‌ಬಾಯ್‌ಗೆ ಅಷ್ಟು ಸಾಕಾಯಿತು.

"ಕೆಲಿನ್," ಎಂದರು. ಸೊಸೆಯನ್ನು ನಮ್ಮಲ್ಲಿ ಕರೆಯುವುದೇ ಹಾಗೆ. "ಹಾರೆ ಹಿಡಿಯೋ ಗಂಡಸಿಲ್ಲದ ಮೇಲೆ ಈ ಚಳಿಗಾಲದ ಹಟ್ಟಿ ಇಟ್ಕೊಂಡು ಏನ್ಮಾಡ್ತೀಯ? ಅಮ್ಮನ್ನ ಕರ್ಕೊಂಡು ಊರಿಗೆ ಇಳಿ. ಜಾಗ, ಕುರಿ ಎಲ್ಲಾ ನಾನು ನೋಡ್ಕೋತೀನಿ."

"ಹೊಳೆಗೇ ಹೋಗದ ಹಾಗೆ ಮಾಡಿದ್ರೆ, ಬಾಯ್ಕೆ?" ಎಂದೆ. ಬಾವನನ್ನು ನಾವು ಹಾಗೆ ಕರೆಯುತ್ತೇವೆ.

"ಓಹೋ. ಹೊಳೆನೇ ನಿನ್ನ ಬಾಗ್ಲಿಗೆ ಬರತ್ತಾ?"

"ಬರಿಸ್ತೀನಿ."

ಬೇಸಿಗೆಯ ಹುಲ್ಲುಗಾವಲಿನಿಂದ ಇಳಿದ ವಾರವೇ ಕೆಲಸ ಹಿಡಿದೆ. ಗುಡ್ಡದ ಒರತೆಯಿಂದ ಹಟ್ಟಿಯವರೆಗೆ ಟ್ರಾಕ್ಟರಿನವನಿಂದ ಆಳವಾಗಿ ತೋಡಿಸಿ ಪೈಪು ಹೂಳಿಸಿದೆ. ತೊಟ್ಟಿಯ ಗುಂಡಿಯನ್ನು ಮಾತ್ರ ನಾನೇ ತೋಡಿದೆ. ಒಳಗೆ ನಿಂತು ಕೈ ಎತ್ತಿದರೆ ಬೆರಳಷ್ಟೇ ಹೊರಗೆ ಕಾಣುವಷ್ಟು ಆಳ. ಎಂಥ ಚಳಿಯಲ್ಲೂ ಅಷ್ಟು ಕೆಳಗಿನ ಮಣ್ಣು ಹೆಪ್ಪುಗಟ್ಟುವುದಿಲ್ಲ. ಬೇಸಿಗೆಯ ಬಿಸಿಲು ಒಂದಿಷ್ಟು ಅಲ್ಲಿ ಉಳಿದಿರುತ್ತದೆ. ಮದುವೆಗೆ ಮುಂಚೆ ನರೀನ್ ಪಟ್ಟಣದ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಇದನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಅದಕ್ಕಾಗಿ ಮಣ್ಣು ಹೊರುತ್ತೇನೆಂದು ಎಣಿಸಿರಲಿಲ್ಲ.

ಕಚ್ಕಿನ್‌ಬಾಯ್ ಒಂದು ದಿನ ಕುದುರೆಯ ಮೇಲೆ ಬಂದು ಗುಂಡಿಯೊಳಗೆ ಇಣುಕಿದರು. "ಯಾರಿಗೆ ಗೋರಿ ತೋಡ್ತಿದೀಯ?"

"ನಿಮ್ಮ ಹಾರೆಗೆ," ಎಂದು ಕೆಳಗಿನಿಂದಲೇ ಕೂಗಿದೆ.

ಅವರಿಗೆ ನಗು ಬಂತು, ಆದರೆ ಮೀಸೆಯಲ್ಲೇ ನುಂಗಿದರು. "ಸರಿ. ಚಿಲ್ದೆಯ ನಲವತ್ತು ದಿನದ ಚಳಿ ಕಚ್ಚೋ ಹೊತ್ತಿಗೆ ಬರ್ತೀನಿ. ಇದರಲ್ಲಿ ನೀರಿದ್ರೆ ನಿನ್ನ ಹಟ್ಟಿ ನಿಂಗೆ. ಗಡ್ಡೆ ಇದ್ರೆ ಗಂಟು ಕಟ್ಟು."

ಟ್ರಾಕ್ಟರಿನವನೂ ನಾನೂ ಸೇರಿ ಗುಂಡಿಯಲ್ಲಿ ಅಗಲವಾದ ಸಿಮೆಂಟ್ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದೆವು. ಅದರ ಬಾಯಿ ನೆಲದಿಂದ ಮೊಣಕಾಲೆತ್ತರ. ಬಾಯಿಯ ಮೇಲೆ ತೊಟ್ಟಿ, ತೊಟ್ಟಿಯ ಮೇಲೆ ಮೂತಿ ಹೋಗುವಷ್ಟೇ ಕಿಂಡಿಯಿರುವ ಮರದ ಮುಚ್ಚಳ. ನೀರಿನ ಪೈಪು ಕೊಳವೆಯ ನಡುವೆ ಮೇಲೇರುತ್ತದೆ. ಪೈಪಿನ ಸುತ್ತ ಉಳಿಯುವುದು ಬರೀ ಟೊಳ್ಳು. ಆಳದ ಶಾಖ ಆ ಟೊಳ್ಳಿನಲ್ಲಿ ಮೇಲೆ ಬಂದು ತೊಟ್ಟಿಯ ತಳ ಮುಟ್ಟುತ್ತದೆ. ರಿಪೇರಿಗೆಂದು ಪಕ್ಕದಲ್ಲಿ ಒಂದು ಚಿಕ್ಕ ಬಾಗಿಲು ಇಟ್ಟೆ.

ಹಿಮ ಬಿತ್ತು. ಮಂದೆಯ ಮುಂದಾಳು ಹೋತ ಮೊದಲು ಕಿಂಡಿಗೆ ಮೂತಿ ಹಾಕಿತು, ಕುರಿಗಳು ಅದನ್ನು ನೋಡಿ ಕಲಿತವು. ಹೊಳೆ ಹೆಪ್ಪುಗಟ್ಟಿ ಬೆಳ್ಳಗಾದರೂ ತೊಟ್ಟಿಯ ನೀರು ಕಪ್ಪಗೆ ಅಲುಗುತ್ತಿತ್ತು.

ಚಿಲ್ದೆ ಬಂತು. ಒಂದು ಸಂಜೆ ಗಾಳಿ ನಿಂತು, ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವಂಥ ಚಳಿ ಇಳಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹೋತ ಕಿಂಡಿಯ ಮುಂದೆ ನಿಂತು ಕೊಂಬಿನಿಂದ ಮುಚ್ಚಳ ಕುಟ್ಟುತ್ತಿತ್ತು. ಒಳಗೆ ಗಡ್ಡೆ.

ಕಚ್ಕಿನ್‌ಬಾಯ್ ಕುದುರೆ ಅದೇ ಹೊತ್ತಿಗೆ ದಿಬ್ಬ ಹತ್ತಿ ಬಂತು.

ಅವರು ಕೈಗವಸು ತೆಗೆದು ಕಿಂಡಿಯೊಳಗೆ ಬೆರಳು ಬಿಟ್ಟು ಟಕಟಕ ಬಡಿದರು. "ಬಾಗಿಲು ತಟ್ಟಿದ ಹಾಗಿದೆ. ಯಾರಾದ್ರೂ ಇದೀರಾ ಒಳಗೆ?" ಆಮೇಲೆ ದನಿ ತಗ್ಗಿಸಿದರು. "ಸಾಕು ಕೆಲಿನ್. ಹಟ ಮಾಡಿದ್ದಾಯ್ತು. ಗಂಟು ಕಟ್ಟು."

"ಮೊದ್ಲು ಕುರಿ ಕುಡೀಲಿ," ಎಂದೆ.

ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಮಂದೆಯನ್ನು ಹೊಳೆಗೆ ಹೊಡೆದೆ. ಅವರು ಹಿಂದೆಯೇ ಬಂದರು.

"ಕೊಡು ಇಲ್ಲಿ. ಇನ್ನೊಂದು ಕೈನೂ ಮುರ್ಕೋತೀಯ."

"ಮುರಿದ್ರೆ ನಂದು. ನೀವು ಅತಿಥಿ, ದೂರ ನಿಂತ್ಕೊಳ್ಳಿ."

ಕಾಲಿಗೆ ಹರಕು ಜಮಖಾನೆಯ ಪಟ್ಟಿ ಸುತ್ತಿಕೊಂಡಿದ್ದೆ, ಈ ಸಲ ಜಾರಲಿಲ್ಲ. ಮಣಿಕಟ್ಟು ಪ್ರತಿ ಏಟಿಗೂ ಚೀರುತ್ತಿತ್ತು. ನೀರು ಉಕ್ಕಿ ಬರುವವರೆಗೂ ಕುಟ್ಟಿದೆ. ಕೊನೆಯ ಕುರಿ ಕುಡಿದು ತಲೆಯೆತ್ತಿದ ಮೇಲೆ ಅವರ ಕಡೆ ತಿರುಗಿದೆ.

"ತೊಟ್ಟಿ ಕೆಟ್ರೂ ನಾನು ಇಳಿಯಲ್ಲ, ಬಾಯ್ಕೆ. ದಿನಾ ಹೀಗೇ ಒಡೀತೀನಿ. ಈಗ ಬನ್ನಿ, ಯಾಕೆ ಕೆಟ್ಟಿತು ಅಂತ ನೋಡೋಣ."

ಚಿಕ್ಕ ಬಾಗಿಲು ತೆಗೆದು ಕೈ ಹಾಕಿದೆ. ಟೊಳ್ಳಿರಬೇಕಾದಲ್ಲಿ ಏನೋ ಮೆತ್ತಗೆ ಸಿಕ್ಕಿತು. ಎಳೆದೆ. ಒಂದು ಮೊಳ ಕಂಬಳಿಪಟ್ಟಿ ಬಂತು, ಹಿಂದೆ ಇನ್ನೊಂದು, ಅದರ ಹಿಂದೆ ಮುದ್ದೆ ಮುದ್ದೆ ಉಣ್ಣೆ. ಕಂಬಳಿಯ ಅಂಚಿನಲ್ಲಿ ಕೆಂಪು ದಾರದ ಕೊಂಬಿನ ಚಿತ್ತಾರವಿತ್ತು. ಅತ್ತೆಯ ಮದುವೆಯ ಡೇರೆಯದು.

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. "ನಿನ್ನೆ ಸಂಜೆ ನೀನು ಮಂದೆ ತರೋಕೆ ಹೋದಾಗ ತುರುಕಿದೆ ಕಣೆ. ಅಷ್ಟು ಚಳಿ, ಒಳಗೆ ಪಾಪ ಬರೀ ಬೆತ್ತಲೆ. ಕರುಗೆ ಹೊದಿಸ್ತೀವಿ, ಮೊಸರಿನ ಗಡಿಗೆಗೆ ಹೊದಿಸ್ತೀವಿ. ಇದಕ್ಕೆ ಬೇಡ್ವಾ?"

ಕಚ್ಕಿನ್‌ಬಾಯ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಾ, ನೀನು ನನ್ನ ಕಡೆನೋ ಅವಳ ಕಡೆನೋ?"

"ಅವಳ ಕಡೆ ಕಣೋ ಮುಠ್ಠಾಳ!"

ನನಗೂ ನಗು ಬಂತು. ಅತ್ತೆಗೆ ಹೇಳಿದೆ: "ಅಪಾ, ಕಂಬಳಿ ಬಿಸಿ ಕೊಡಲ್ಲ. ಇರೋ ಬಿಸೀನ ದಾಟೋಕೆ ಬಿಡಲ್ಲ, ಅಷ್ಟೆ. ನಮ್ಮ ಬಿಸಿ ಕೆಳಗಿಂದ ಬರ್ತಿದೆ, ನೀವು ದಾರೀಲೇ ಬಾಗಿಲು ಹಾಕಿದ್ರಿ."

"ಹಾಗಾದ್ರೆ ಹೊರಗಡೆ ಸುತ್ತು," ಎಂದರು ಅತ್ತೆ ಒಂದು ಗಳಿಗೆ ಯೋಚಿಸಿ. ಅದು ಸರಿಯಾದ ಮಾತು.

ಟೊಳ್ಳನ್ನು ಪೂರ್ತಿ ಬರಿದು ಮಾಡಿದೆ. ಸಮೋವಾರಿನ ಬಿಸಿನೀರು ಹೊಯ್ದು ಗಡ್ಡೆ ಕರಗಿಸಿದೆ. ಅತ್ತೆ ಕಂಬಳಿಯನ್ನು ಕೊಳವೆಯ ಹೊರಮೈಗೆ, ತೊಟ್ಟಿಯ ಪಕ್ಕಕ್ಕೆ ಬಿಗಿಯಾಗಿ ಸುತ್ತಿ ಹುರಿಯಿಂದ ಕಟ್ಟಿದರು, ಬುಡಕ್ಕೆ ಒಣ ಕುರಿಗೊಬ್ಬರ ಒಟ್ಟಿದರು.

"ಬಿಸಿನೀರು ಹೊಯ್ದ್ರೆ ಯಾವ ತೊಟ್ಟಿಲೂ ನೀರಿರತ್ತೆ," ಎಂದರು ಕಚ್ಕಿನ್‌ಬಾಯ್. "ನಾಳೆ ಬೆಳಿಗ್ಗೆ ನೋಡಿ ಹೇಳ್ತೀನಿ."

ಅದೂ ಸರಿಯಾದ ಮಾತೇ. ಅವರು ಅಲ್ಲೇ ಉಳಿದರು.

ಬೆಳಿಗ್ಗೆ ಚಳಿ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಕಿಂಡಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆ ಕಟ್ಟಿತ್ತು. ಕಚ್ಕಿನ್‌ಬಾಯ್ ಅದನ್ನೇ ದಿಟ್ಟಿಸಿ, "ಇದೂ ಗಡ್ಡೆನೇ," ಎಂದರು. ಅಷ್ಟರಲ್ಲಿ ಅವರ ಕುದುರೆ ಅವರ ಭುಜ ತಳ್ಳಿಕೊಂಡು ಬಂದು ಕಿಂಡಿಗೆ ಮೂತಿ ಹಾಕಿತು. ಪೊರೆ ಮುರಿಯಿತು. ಅದು ಕಿವಿ ಆಡಿಸುತ್ತ ಗುಟುಕು ಗುಟುಕಾಗಿ ಕುಡಿಯತೊಡಗಿತು. ಅವರು ಲಗಾಮು ಜಗ್ಗಿದರು. ಅದು ತಲೆ ಎತ್ತಲಿಲ್ಲ.

"ಕುಡೀಲಿ ಬಿಡಿ," ಎಂದೆ. "ಈ ಹಟ್ಟಿಗೆ ಬಂದೋರಿಗೆ ನೀರಿಲ್ಲ ಅನ್ನಲ್ಲ."

ಅವರು ಕುದುರೆ ಹತ್ತಿ ಟೋಪಿ ಸರಿಪಡಿಸಿಕೊಂಡರು. "ಮುಂದಿನ ಚಿಲ್ದೆಗೂ ಬರ್ತೀನಿ."

"ಬನ್ನಿ. ಇಲ್ಲೇ ಇರ್ತೀನಿ."