ಬೊಟ್ಟಿನಷ್ಟು ಬಿಳಿ

2024ರ ಏಪ್ರಿಲ್ 14, ಭಾನುವಾರ, ಬೆಳಗ್ಗೆ ಹತ್ತು ನಲವತ್ತು. ಇಲ್ಲಿಂದ ಶುರು ಮಾಡಿದರೆ ಮನೋಹರ್ ತಪ್ಪಿತಸ್ಥನಾಗುತ್ತಾನೆ. ಆ ಹೊತ್ತಿಗೆ ಅವನು ಕೆಂಪಾಪುರದ ತನ್ನ ಮನೆಯ ತಾರಸಿಯಲ್ಲಿ ಒಂದು ಹಳೇ ಮಾನಿಟರ್‌ನ ಪ್ಲಾಸ್ಟಿಕ್ ಕವಚಕ್ಕೆ ಬ್ರಷ್‌ನಿಂದ ಕ್ರೀಮ್ ಹಚ್ಚುತ್ತಿದ್ದ. ಇನ್ನೂ ಹಿಂದಿನಿಂದ ಶುರು ಮಾಡಿದರೆ ತಪ್ಪು ಅಂಜಿನಮ್ಮನದು: ಜಕ್ಕೂರಿನಿಂದ ಆಟೋದಲ್ಲಿ ಅದನ್ನು ಕಂಪ್ಯೂಟರ್ ಸಮೇತ ತಂದುಕೊಟ್ಟವಳು ಅವಳೇ. ಯಾರ ತಪ್ಪೂ ಇಲ್ಲದ ಜಾಗವೊಂದು ಸಿಕ್ಕೀತೆಂದು ಎಷ್ಟೋ ಕರಡು ಹರಿದೆ. ಓದುಗರೇ, ಅಂಥ ಜಾಗವಿಲ್ಲ. ತಾರಸಿಯಿಂದಲೇ ಹೋಗೋಣ.

1.

ಮನೋಹರ್ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಜನ ಬೇಡವೆಂದು ಕೊಟ್ಟ ಹಳೇ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿ ಸರ್ಕಾರಿ ಶಾಲೆಗೆ ಕೊಡುವುದು ಅವನ ಹವ್ಯಾಸ. ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದನ್ನು ಬೆಸೆಯುತ್ತಾನೆ, ಧೂಳು ಊದುತ್ತಾನೆ. ಕೊನೆಯದು ಬಿಳಿ ಮಾಡುವ ಕೆಲಸ. ಹಳೇ ಪ್ಲಾಸ್ಟಿಕ್ ವರ್ಷಗಟ್ಟಲೆ ಬೆಳಕು ಕುಡಿದು ಹಳದಿಗಟ್ಟಿರುತ್ತದೆ. ಕೂದಲಿಗೆ ಬಣ್ಣ ಹಾಕುವಾಗ ಬಳಸುವ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟರೆ ಮೊದಲಿನ ಬಣ್ಣ ಮರಳುತ್ತದೆ. ಈ ಹುಚ್ಚಿನವರೆಲ್ಲ ಇದನ್ನು ವ್ರತದಂತೆ ಮಾಡುತ್ತಾರೆ.

ಕ್ರೀಮ್ ಕೊಟ್ಟವಳು ಆರ್.ಟಿ. ನಗರದಲ್ಲಿ ಬ್ಯೂಟಿ ಪಾರ್ಲರ್ ಸಾಮಾನು ಮಾರುವ ಫರ್ಹೀನ್. "ಯಾರ್ ತಲೆಗೆ ಸಾರ್ ಇಷ್ಟೊಂದು? ನಿಮ್ ತಲೇಲಂತೂ ಏನೂ ಉಳಿದಿಲ್ಲ."

"ಕಂಪ್ಯೂಟರ್‌ಗೆ ಕಣಮ್ಮ."

"ಹಂಗಾದ್ರೆ ಫೇಶಿಯಲ್ಲೂ ಮಾಡ್ಸಿಬಿಡಿ!"

(ಈ ತಮಾಷೆಯನ್ನು ಬೇಕೆಂದೇ ಇಟ್ಟಿದ್ದೇನೆ. ಮುಂದೆ ಸಿಗುವುದಿಲ್ಲ.)

2.

ಅಂಜಿನಮ್ಮನ ಮಗಳು ಶಿಲ್ಪ ಹೇಗೆ ತೀರಿಕೊಂಡಳೆಂದು ಇಲ್ಲಿ ಒಂದು ಪ್ಯಾರಾ ಇತ್ತು. ಸ್ಕೂಟರ್, ಹೆಬ್ಬಾಳದ ಫ್ಲೈಓವರ್, ಎಲ್ಲ. ಅಂಜಿನಮ್ಮ ನನ್ನ ಕೈ ತಡೆದಳು.

"ಅದ್ಯಾಕಪ್ಪ ಬರೀತೀಯ? ಅವ್ಳು ಸತ್ತಿದ್ದು ಒಂದಿನ. ಬದ್ಕಿದ್ದು ಅಷ್ಟ್ ವರ್ಸ. ಅದನ್ ಬರಿ."

ಅಳಿಸಿದೆ. ಬದುಕಿದ್ದನ್ನು ಬರೆಯುತ್ತೇನೆ. ಶಿಲ್ಪ ಮನೆಯಲ್ಲೇ ಡಿಟಿಪಿ ಮಾಡುತ್ತಿದ್ದಳು: ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಕೆಲಸ ಮುಗಿಸಿ ಮುಖ ತೊಳೆಯಲು ಏಳುವ ಮುಂಚೆ ಹಣೆಯ ಬೊಟ್ಟು ಕಿತ್ತು ಮಾನಿಟರ್‌ನ ಅಂಚಿಗೆ ಅಂಟಿಸುತ್ತಿದ್ದಳು. ನಿಮ್ಮ ಮನೆಯಲ್ಲಿ ಕನ್ನಡಿಗೆ, ಬಚ್ಚಲಿನ ಟೈಲ್ಸಿಗೆ ಅಂಟಿರುತ್ತವಲ್ಲ, ಹಾಗೆ. ಕೆಲವು ಅಂಟಿಕೊಂಡೇ ಇದ್ದವು, ಕೆಲವು ಎಷ್ಟೋ ಕಾಲದ ಮೇಲೆ ಉದುರಿದವು. ಬೊಟ್ಟಿನಡಿ ಬೆಳಕು ಬೀಳದ ಕಡೆ ಪ್ಲಾಸ್ಟಿಕ್ ಮೊದಲಿನ ಬಣ್ಣದಲ್ಲೇ ಉಳಿದಿತ್ತು. ಸುತ್ತ ಹಳದಿ, ನಡುವೆ ಬೊಟ್ಟಿನಷ್ಟು ಬಿಳಿ.

ಅಂಜಿನಮ್ಮ ಇದನ್ನು ಮನೋಹರನಿಗೆ ಹೇಳಲಿಲ್ಲ. "ಮಕ್ಳು ಕಲ್ತ್ಕಳ್ಲಿ" ಎಂದಷ್ಟೇ ಹೇಳಿ ಕೊಟ್ಟು ಹೋದಳು. ಮನೋಹರನ ಕಣ್ಣಿಗೆ ಕಂಡದ್ದು ಅಂಟಿನ ಕಲೆ. ಚಿಮ್ಮಟದಲ್ಲಿ ಬೊಟ್ಟು ಕಿತ್ತ, ಸ್ಪಿರಿಟ್‌ನಲ್ಲಿ ಅಂಟು ಒರೆಸಿದ, ಕ್ರೀಮ್ ಹಚ್ಚಿದ. ಏಪ್ರಿಲ್ ಬಿಸಿಲು ಚೆನ್ನಾಗಿತ್ತು.

3.

ಮುಂದಿನ ಭಾನುವಾರ ಅಂಜಿನಮ್ಮ ಬಂದಳು.

"ಕಣ್ಮುಂದಿದ್ರೆ ಊಟ ಸೇರ್ತಿರ್ಲಿಲ್ಲ ಮೇಷ್ಟ್ರೇ, ಅದ್ಕೇ ಕೊಟ್ಟೆ. ಈಗ ನಿದ್ದೆ ಬರ್ತಿಲ್ಲ. ಸ್ಕೂಲ್ಗೋಗೋಕ್ ಮುಂಚೆ ಒಂದ್ಸಲ ನೋಡ್ಕಂಡು ಓಗಣ ಅಂತ."

ಮನೋಹರ್ ಹೆಮ್ಮೆಯಿಂದ ಬಟ್ಟೆ ಸರಿಸಿದ. "ನೋಡಿ ಅಮ್ಮ, ಅಂಗಡಿಯಿಂದ ಈಗ ತಂದಂಗಿದೆ."

ಅವಳು ಅಂಚಿನ ಮೇಲೆ ಬೆರಳಾಡಿಸಿದಳು. ಹಿಂದೆ ಹೋಗಿ ನೋಡಿ ಬಂದಳು.

"ಇದು ನಮ್ದಲ್ಲ."

"ನಿಮ್ದೇ ಅಮ್ಮ."

"ನಮ್ದಾದ್ರೆ ಅವ್ಳ್ ಬೊಟ್ಟೆಲ್ಲಿ?"

ಕಸದ ಗಾಡಿ ಅವನ್ನು ಆಗಲೇ ಒಯ್ದಿತ್ತು. ಹೇಳಿದ.

"ಓಗ್ಲಿ ಬಿಡಿ. ಅದರಡೀಲಿ ಬೆಳ್ಳಗೆ ಗುರ್ತಿದ್ವಲ್ಲ, ಅವು?"

ಮನೋಹರ್ ಮಾನಿಟರ್ ನೋಡಿದ. ಕೈಕೆಲಸದಲ್ಲಿ ಒಂದೂ ಕೊರತೆಯಿರಲಿಲ್ಲ. "ಈಗ ಎಲ್ಲಾ ಬೆಳ್ಳಗಾಗಿದೆ ಅಮ್ಮ." ಆಮೇಲೆ ಸಮಾಧಾನಕ್ಕೆಂದು, "ಕೆಲವು ವರ್ಷಕ್ಕೆ ಮತ್ತೆ ಹಳದಿ ಬರುತ್ತೆ" ಅಂದ.

"ಅಂಗಾರೆ ಗುರ್ತೂ ಬರ್ತವಾ?"

4. (ಇಲ್ಲಿ ಮುಗಿಸಬಹುದಿತ್ತು. ಮುಗಿಯಲಿಲ್ಲ.)

ಮೊದಲನೆಯ ಮುಕ್ತಾಯ: ಬರ್ತವೆ ಅಂದ. ಅವಳು ನಂಬಿ ಹೋದಳು. ಆದರೆ ಅವಳು ಆ ಶಾಲೆಗೆ ಹೋಗಿ ಹೋಗಿ ನೋಡುತ್ತಾಳೆ; ಅಷ್ಟು ಸಲ ಅವಳನ್ನು ಬರಿಗೈಲಿ ಕಳಿಸುವ ಶಕ್ತಿ ನನಗಿಲ್ಲ.

ಇನ್ನೊಂದು: ಸ್ಕ್ರೂ ಇಡುವ ಡಬ್ಬಿಯಲ್ಲಿ ಆ ಬೊಟ್ಟುಗಳು ಸಿಕ್ಕವು. ಈ ಮುಕ್ತಾಯವನ್ನು ಮನೋಹರನೇ ತಳ್ಳಿಹಾಕಿದ. "ಸ್ಕ್ರೂ ಒಂದೊಂದೂ ಎತ್ತಿಡ್ತೀನಿ ಸಾರ್. ಬೊಟ್ಟು ಎತ್ತಿಡ್ಲಿಲ್ಲ. ನನ್ನನ್ನ ಒಳ್ಳೆಯವನ್ನಾಗಿ ಮಾಡ್ಬೇಡಿ."

ಆಮೇಲೆ ಅಂಜಿನಮ್ಮ ನನ್ನ ಕಡೆ ತಿರುಗಿದಳು. "ನೀನು ಬರಿಯೋನಲ್ವೇನಪ್ಪ? ಅವ್ಳು ಬಂದ್ಲು ಅಂತ ಬರಿ."

ಬರೆದೆ. ಶಿಲ್ಪ ಬಂದಳು. ಕುರ್ಚಿ ಎಳೆದು ಕುಳಿತಳು. ಯಾರದೋ ಲಗ್ನಪತ್ರಿಕೆ ಮುಗಿಸಿದಳು. ಹಣೆಯಿಂದ ಬೊಟ್ಟು ಕಿತ್ತು ಕೈ ಚಾಚಿದಳು. ಎಲ್ಲಿಗೆ?

ಅಂಜಿನಮ್ಮನನ್ನು ಕೇಳಿದೆ. ಬಲಗಡೆ ಅಂದಳು. ಆಮೇಲೆ, ಇಲ್ಲ, ಎಡಗಡೆ ಅಂದಳು. ಆಮೇಲೆ ಮತ್ತೆ ಬಲಗಡೆ ಬೆರಳಿಟ್ಟು ನೋಡಿದಳು.

ಶಿಲ್ಪಳ ಕೈ ಹಾಗೇ ಚಾಚಿಕೊಂಡಿದೆ. ಅದನ್ನು ಇಳಿಸುವ ವಾಕ್ಯ ನನ್ನ ಬಳಿ ಇಲ್ಲ. ನಿಮ್ಮ ಬಳಿ ಇದ್ದರೂ ಕೊಡಬೇಡಿ.

ಮನೋಹರನ ಮನೆಯಲ್ಲಿ ಅಂಜಿನಮ್ಮ ಕೂತ ಸ್ಟೂಲಿನಿಂದ ಏಳುತ್ತಿಲ್ಲ. ಜಕ್ಕೂರಿನ ಪೈಲಟ್ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ಮನೆ ಮೇಲೆ ಸದ್ದು ಮಾಡಿ ಹೋಯಿತು. ಏನು ಮಾಡಬೇಕೋ ತೋಚದೆ ಮನೋಹರ್ ಶಿಲ್ಪಳ ಕಂಪ್ಯೂಟರಿನ ಮುಚ್ಚಳ ತೆಗೆದು ಆನ್ ಮಾಡಿ, ಒಳಗಿನ ಖಾಲಿ ಪ್ಲಗ್ಗಿಗೆ ವೋಲ್ಟ್ ಅಳೆಯುವ ಮೀಟರಿನ ಕಡ್ಡಿಗಳನ್ನು ಇಟ್ಟ.

"ಏನ್ ಮಾಡ್ತಿದೀರಾ ಮೇಷ್ಟ್ರೇ?"

"ಚೆಕ್ ಮಾಡ್ತಿದೀನಿ ಅಮ್ಮ."

"ಸರಿಗೈತಾ?"

ಆ ಪ್ಲಗ್ಗಿನ ತಂತಿಯಲ್ಲಿ ಐದು ವೋಲ್ಟ್ ಇರಬೇಕು; ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸರಿಯೇ. ಮೀಟರ್ ತೋರಿಸಿದ್ದು 5.01 ವೋಲ್ಟ್.