ಹನೋಕನ ಮಾತಿನ ಮನೆ

"ನಾಲ್ಕೇ ಸಾಲು ಸಾಕ್ರಿ ಅಂಬಮ್ಮ. ತಿಳೀಲಾರದೆ ತಪ್ಪು ಮಾತಾಡೀನಿ, ಸಭೆ ಕ್ಷಮಿಸಬೇಕು ಅಂತ ಬರೀರಿ. ಭಾನುವಾರ ನಿಂತು ಓದ್ರಿ. ಮುಗೀತು."

ಪ್ರಭುದಾಸ ಪಾಸ್ಟರ್ ಬಿಳಿ ಹಾಳೆಯೊಂದನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. ಅಂಬಮ್ಮ ಅದನ್ನು ಮುಟ್ಟಲಿಲ್ಲ. ಕಲಬುರಗಿಯ ಆ ಚರ್ಚಿನ ಕಚೇರಿಯಲ್ಲಿ ಫ್ಯಾನು ಗರಗರ ತಿರುಗುತ್ತಿತ್ತು.

"ಬರೀಲಾಕ ಕಲ್ತದ್ದೇ ಮೂರು ವರ್ಷದ ಹಿಂದ, ಸಾಹೇಬ್ರ," ಎಂದಳು ಅಂಬಮ್ಮ. "ನನ್ನ ಮೊದಲನೇ ಅರ್ಜಿ ಇಂಥಾದ್ದೇ ಆಗಬೇಕೇನ್ರಿ?"

ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಶೀಲಾ ತಲೆ ತಗ್ಗಿಸಿದಳು. ಅಂಬಮ್ಮನಿಗೆ ಬರೆಯಲು ಕಲಿಸಿದವಳು ಅವಳೇ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಊರಿಗೆ ಮರಳಿದ ಮೇಲೆ, ಕಮಲಾಪುರದ ಚರ್ಚಿನಲ್ಲಿ ಬುಧವಾರ ಸಂಜೆ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಅಂಬಮ್ಮ ಬುಟ್ಟಿ ಖಾಲಿಯಾದರೂ ಆಗದಿದ್ದರೂ ಐದೂವರೆಗೆ ಬಂದು ಕೂರುತ್ತಿದ್ದಳು.

ಓದು ಹಿಡಿತಕ್ಕೆ ಬಂದ ಮೇಲೆ ಶೀಲಾ ಆ ಹೆಂಗಸರಿಗೊಂದು ಕೆಲಸ ಹಚ್ಚಿದ್ದಳು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಹಿಂದಿನ ಕಾಲದವರ ಮಾತು ಬಂದರೆ ಅದು ಹಳೆಯ ಒಡಂಬಡಿಕೆಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕರೆ ಎರಡು ಪುಟಗಳ ನಡುವೆ ಹೂ ಕಟ್ಟುವ ದಾರವಿಡಬೇಕು. ಅಂಬಮ್ಮ ಇದಕ್ಕೆ ಮಾತಿನ ಮನೆ ಹುಡುಕುವುದು ಎನ್ನುತ್ತಿದ್ದಳು. ಅವಳ ಬೈಬಲಿನಿಂದ ದಾರಗಳು ಜಡೆಯಂತೆ ಹೊರಗಿಳಿದಿದ್ದವು. ಆದರೆ ಹೊಸ ಒಡಂಬಡಿಕೆಯ ಕೊನೆಯಲ್ಲಿ ಬರುವ ಯೂದನ ಪತ್ರಿಕೆಯಲ್ಲಿಟ್ಟ ಒಂದು ದಾರಕ್ಕೆ ಮಾತ್ರ ಇನ್ನೊಂದು ಪುಟ ಸಿಗಲಿಲ್ಲ. ಹನೋಕನು ಹೀಗೆ ಪ್ರವಾದಿಸಿದನೆಂದು ಯೂದ ಬರೆಯುತ್ತಾನೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಹನೋಕನೋ ದೇವರೊಂದಿಗೆ ನಡೆದು ಕಾಣದೆ ಹೋದವನು.

"ಈ ಮನಷ್ಯಾ ಅಲ್ಲಿ ಒಂದು ಮಾತೂ ಆಡಿಲ್ಲ ಟೀಚರ್," ಎಂದಿದ್ದಳು ಅಂಬಮ್ಮ. "ಮತ್ತ ಯೂದಗ ಯಾರು ಹೇಳಿದ್ರು?"

ಆಗ ಶೀಲಾ ಸುಮ್ಮನಿರಬಹುದಿತ್ತು. ಇರಲಿಲ್ಲ. ಯೇಸು ಹುಟ್ಟುವ ಮೊದಲೇ ಹನೋಕನ ಹೆಸರಿನಲ್ಲಿ ಯೆಹೂದ್ಯರು ಬರೆದ ಗ್ರಂಥವೊಂದಿತ್ತು. ಅದು ನಮ್ಮ ಬೈಬಲಿಗೆ ಸೇರಲಿಲ್ಲ. ಮೃತ ಸಮುದ್ರದ ದಂಡೆಯ ಗವಿಗಳಲ್ಲಿ ಅದರ ಚೂರುಗಳು ಸಿಕ್ಕಿವೆ. ಇಥಿಯೋಪಿಯದ ಕ್ರೈಸ್ತರು ಅದನ್ನು ಇಂದಿಗೂ ಪವಿತ್ರವೆಂದೇ ಓದುತ್ತಾರೆ ಎಂದು ಹೇಳಿದ್ದಳು. ಯೂದನಂಥವರು ಇಂಥ ಬರಹಗಳನ್ನು ಕೇಳುತ್ತ ಬೆಳೆದವರು ಎಂದೂ ಹೇಳಿದ್ದಳು. ಅಂಬಮ್ಮ, "ಅಂದ್ರ ಮನಿ ಅದ. ನಮ್ಮ ಓಣ್ಯಾಗ ಇಲ್ಲ," ಎಂದಿದ್ದಳು.

ಹೋದ ತಿಂಗಳು ಕಲಬುರಗಿಯಲ್ಲಿ ನಡೆದ ಮಹಿಳೆಯರ ಬೈಬಲ್ ಸ್ಪರ್ಧೆಯಲ್ಲಿ, ಹನೋಕನ ಪ್ರವಾದನೆ ಬೈಬಲಿನಲ್ಲಿ ಎಲ್ಲಿದೆ ಎಂಬ ಪ್ರಶ್ನೆಯೇ ಬಂತು. ಅಂಬಮ್ಮ ಉತ್ತರದ ಜೊತೆಗೆ ಆ ಮನೆಯ ವಿಳಾಸವನ್ನೂ ಹೇಳಿಬಿಟ್ಟಳು. ಬಹುಮಾನ ಬೇರೆಯವರಿಗೆ ಹೋಯಿತು. ಬಾಳೆಹಣ್ಣಿನವಳು ಬೈಬಲಿಗೆ ಹೊಸ ಪುಸ್ತಕ ಸೇರಿಸುತ್ತಿದ್ದಾಳೆ ಎಂಬ ಸುದ್ದಿ ಅವಳ ಬಸ್ಸಿಗಿಂತ ಮೊದಲೇ ಕಮಲಾಪುರ ತಲುಪಿತ್ತು.

"ಆಕೀ ಹೇಳಿದ್ರಾಗ ತಪ್ಪು ಯಾವುದ್ರಿ ಪಾಸ್ಟರ್?" ಎಂದು ಕೇಳಿದಳು ಶೀಲಾ.

ಪಾಸ್ಟರ್ ಎದ್ದು ಬಾಗಿಲು ಮುಂದಕ್ಕೆ ಎಳೆದು ಬಂದರು. ದನಿ ತಗ್ಗಿತು. "ನೋಡು ಶೀಲಾ, ಸೆಮಿನರಿಯಾಗ ಇದರ ಮ್ಯಾಲೇ ಪರೀಕ್ಷಾ ಬರದೀನಿ. ಸ್ವರ್ಗದಿಂದ ಬಿದ್ದ ದೂತರ ಕಥಿ, ಕಡೀ ನ್ಯಾಯತೀರ್ಪಿನ ಚಿತ್ರ, ಯೇಸುವಿನ ಮನುಷ್ಯಕುಮಾರ ಅನ್ನೋ ಹೆಸರಿಗೆ ಬಂದ ತೂಕ, ಎಲ್ಲಾದರಾಗೂ ಅಂಥಾ ಬರಹದ ನೆರಳು ಅದ. ಆಕೀ ಅಂದದ್ದು ಖರೇನೇ."

"ಖರೇ ಇದ್ರ ಕ್ಷಮಾ ಯಾಕ್ರಿ?"

"ಮಂದಿ ಬೆದರ್ತಾರ. ಇದೊಂದು ಬಿಟ್ಟುಹೋಗ್ಯದ ಅಂದ್ರ ಉಳಿದದ್ದೂ ಹ್ಯಾಂಗ ನಂಬಬೇಕು ಅಂತಾರ. ಹೊಲ್ದಾಗ, ಬಸ್ ಸ್ಟ್ಯಾಂಡಿನಾಗ ದುಡಿಯೋ ಜನ. ಅವರಿಗೆ ಜೀರ್ಣ ಆಗೋವಷ್ಟೇ ಬಡಿಸಬೇಕು."

"ನನ್ನ ಹೊಟ್ಟಿ ಯಾವಾಗ ಅಳದೀರಿ ಸಾಹೇಬ್ರ?" ಎಂದಳು ಅಂಬಮ್ಮ.

ಪಾಸ್ಟರ್ ನಗಲಿಲ್ಲ. ತಿಂಗಳಿಗೊಮ್ಮೆ ಕಮಲಾಪುರಕ್ಕೆ ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವವರು ಅವರೇ. ಕ್ಷಮೆ ಕೇಳದಿದ್ದರೆ ಈ ಭಾನುವಾರ ಅಂಬಮ್ಮನ ಕೈಗೆ ರೊಟ್ಟಿ ಬೀಳುವುದಿಲ್ಲ ಎಂದರು. ಬೇಕಾದರೆ ತಪ್ಪಾಗಿ ಕಲಿಸಿದೆನೆಂದು ಶೀಲಾಳೇ ಬರೆದುಕೊಡಲಿ. ಆಗ ಬುಧವಾರದ ಪಾಠ ನಿಲ್ಲುತ್ತದೆ, ಅಷ್ಟೇ.

ಶೀಲಾ ಪೆನ್ನು ತೆಗೆದಳು. ಅಂಬಮ್ಮ ಅವಳ ಮುಂಗೈ ಹಿಡಿದಳು. "ನೀವು ಬರದ್ರ ನಾ ಕಲ್ತದ್ದೆಲ್ಲಾ ಸುಳ್ಳಾಗ್ತದ. ಏಳ್ರಿ, ಬಸ್ಸಿನ ಹೊತ್ತಾಗ್ಯದ."

ಬಸ್ಸಿನಲ್ಲಿ ಶೀಲಾ ಅಂಬಮ್ಮನ ಪಕ್ಕ ಕುಳಿತಳು. ಪಾಸ್ಟರಿಗೆ ಗೊತ್ತಿಲ್ಲದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗೊತ್ತಿದ್ದು, ಅಂಕ ಗಳಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದನ್ನೇ ಬೆರಳಿಟ್ಟು ಓದಿ ಕಂಡುಕೊಂಡ ಹೆಂಗಸಿನಿಂದ ಕ್ಷಮೆ ಕೇಳಿಸಲು ಹೊರಟಿದ್ದರು. ಬಾಗಿಲು ಎಳೆಯಲು ಅವರು ಎದ್ದ ರೀತಿ ಮತ್ತೆ ಮತ್ತೆ ನೆನಪಾಯಿತು. ಇಷ್ಟು ವರ್ಷ ಚರ್ಚಿನ ಉಪದೇಶಗಳಲ್ಲಿ ಅವರು ಸತ್ಯದ ಬಗ್ಗೆ ಮಾತಾಡಿದಾಗೆಲ್ಲ ತಾನು ತಲೆಯಾಡಿಸಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು.

"ಆ ಇಥಿಯೋಪಿಯದ ಮಂದಿ," ಎಂದಳು ಅಂಬಮ್ಮ ಕಿಟಕಿಯತ್ತ ನೋಡುತ್ತ, "ಆ ಪುಸ್ತಕ ಓದ್ತಾರಲಾ. ಅವರಿಗೆ ರೊಟ್ಟಿ ಕೊಡ್ತಾರೇನ್ರಿ ಟೀಚರ್?"

"ಕೊಡ್ತಾರ."

"ಮತ್ತ ಇವರದೇನು ಜೋರು," ಎಂದು ಅವಳು ಕಣ್ಣು ಮುಚ್ಚಿದಳು.

ಭಾನುವಾರ ಕಮಲಾಪುರದ ಚರ್ಚಿನಲ್ಲಿ ಉಪದೇಶ ಮುಗಿದ ಮೇಲೆ ಪಾಸ್ಟರ್, "ಅಂಬಮ್ಮ ಸಭೆಗೆ ಒಂದು ಮಾತು ಹೇಳಬೇಕಂತ ಇದ್ದಾರೆ," ಎಂದರು. ಅಂಬಮ್ಮ ಎದ್ದು ನಿಂತಳು. ಬೈಬಲು ತೆರೆದು, ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಜರುಗಿಸುತ್ತ, ಯೂದ ಹೇಳಿದ ಹನೋಕನ ಮಾತನ್ನು ಓದಿದಳು. ಎರಡು ಕಡೆ ತಡವರಿಸಿ ಮತ್ತೆ ಓದಿದಳು.

"ಈ ಮಾತು ನಮ್ಮ ಬೈಬಲಿನಾಗ ಅದ. ಇದರ ಮನಿ ನಮ್ಮ ಬೈಬಲಿನಾಗ ಇಲ್ಲ. ನಾ ಇಷ್ಟೇ ಅಂದದ್ದು. ಪಾಸ್ಟರ್ ಸಾಹೇಬ್ರಿಗೂ ಗೊತ್ತದ. ಕೇಳ್ರಿ."

ಎಲ್ಲರ ಮುಖ ಪಾಸ್ಟರ್ ಕಡೆ ತಿರುಗಿತು. ಅವರು ಹಾಡಿನ ಪುಸ್ತಕದ ಪುಟ ಹುಡುಕುತ್ತಿದ್ದರು. ಶೀಲಾ ಎದ್ದಳು. "ನಾನೇ ಕಲಿಸಿದ್ದು. ಖರೇ ಅಂತ ಗೊತ್ತಿದ್ದೇ ಕಲಿಸೀನಿ. ಅವತ್ತು ಬಾಗಲಾ ಹಾಕ್ಕೊಂಡು ಪಾಸ್ಟರೂ ಖರೇ ಅಂದಾರ."

ಪಾಸ್ಟರ್ ಹಾಡಿನ ಸಂಖ್ಯೆ ಹೇಳಿದರು.

ಪ್ರಭುಭೋಜನಕ್ಕೆ ಹೆಂಗಸರ ಮೊದಲ ಸಾಲು ಮುಂದೆ ಹೋಗಿ ಮೊಣಕಾಲೂರಿತು. ನಡುವೆ ಅಂಬಮ್ಮ, ಅವಳ ಎಡಕ್ಕೆ ಶೀಲಾ, ಬಲಕ್ಕೆ ಬಂಡೆಮ್ಮ. ಸ್ಪರ್ಧೆಯ ಮರುದಿನ ಊರೆಲ್ಲ ಸುದ್ದಿ ಹೊತ್ತು ತಿರುಗಿದವಳು ಈ ಬಂಡೆಮ್ಮನೇ. ತಟ್ಟೆ ಸಾಲಿನುದ್ದಕ್ಕೂ ಬಂತು. ಶೀಲಾಳ ಕೈಗೆ ರೊಟ್ಟಿಯ ತುಂಡು ಬಿತ್ತು. ಪಾಸ್ಟರ್ ಒಂದು ಹೆಜ್ಜೆ ಹೆಚ್ಚು ಇಟ್ಟು ಬಂಡೆಮ್ಮನಿಗೆ ಕೊಟ್ಟರು. ನಡುವೆ ಚಾಚಿದ ಎರಡು ಕೈ ಹಾಗೇ ಉಳಿದವು.

ಸಾಲಿಗೆಲ್ಲ ಹಂಚಿದ ಮೇಲೆ ಪಾಸ್ಟರ್ ಹೇಳಿದಾಗ ಎಲ್ಲರೂ ಒಟ್ಟಿಗೆ ತಿಂದು ಒಟ್ಟಿಗೆ ಏಳುವುದು ಅಲ್ಲಿನ ರೂಢಿ.

"ತೆಗೆದುಕೊಂಡು ತಿನ್ನಿರಿ," ಎಂದರು ಪಾಸ್ಟರ್.

ಶೀಲಾ ಕೈ ಎತ್ತಲಿಲ್ಲ. ಪಕ್ಕಕ್ಕೆ ನೋಡುವ ಧೈರ್ಯವಾಗದೆ ನೆಲ ನೋಡುತ್ತಿದ್ದಳು. ರೊಟ್ಟಿ ಬಾಯಿಗೆತ್ತುವ ಕೈಗಳ ಬಳೆಯ ಸದ್ದು ಕೇಳುತ್ತದೆಂದು ಕಾದಳು. ಕೇಳಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಬಂಡೆಮ್ಮ ರೊಟ್ಟಿಯನ್ನು ಅಂಗೈಯಲ್ಲೇ ಹಿಡಿದು ಕಿಟಕಿ ನೋಡುತ್ತಿದ್ದಳು.

ಪಾಸ್ಟರ್ ಇನ್ನೊಮ್ಮೆ ಹೇಳಿದರು. ಮೊದಲಿಗಿಂತ ಮೆಲ್ಲಗೆ.

ಹಿಂದಿನ ಸಾಲಿನವರು ಎದ್ದು ನಿಂತಿದ್ದರು. ಮುಂದೆ ಬರಲು ಜಾಗವಿರಲಿಲ್ಲ. ಹತ್ತು ಹೆಂಗಸರ ಅಂಗೈಗಳು ತೆರೆದೇ ಇದ್ದವು. ಒಂಬತ್ತರಲ್ಲಿದ್ದ ಬಿಳಿಯ ತುಂಡು ಬೆವರಿಗೆ ನಿಧಾನವಾಗಿ ಮೆತ್ತಗಾಗುತ್ತಿತ್ತು.